ಎಡಕ್ಕೆ ವಾಲಿದ ಹೂವುಗಳ ಕಾವಲುಗಾರ

ನಮ್ಮ ಬೆಟಗೇರಿಯ ನೇಕಾರರ ಸಂಘದಲ್ಲಿ ಸೀರೆ ದಡಿಯ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಕಾಯುವವನು ನಯಾಜ. ಅವನು ಬರೆಯುವ ಪ್ರೋಗ್ರಾಮು ಯಾವ ಫೈಲ್ ಉಳಿಸಿದರೂ ಕೋಡಿನ ಮರುಸಾಲಿನಲ್ಲೇ ಅನುಮತಿ ನಿಗದಿಮಾಡುವ ಪರ್ಮಿಷನ್ ಫಂಕ್ಷನ್ನನ್ನು ಓಡಿಸಿ, ಯಾರು ಓದಬಹುದು, ಯಾರು ತಿದ್ದಬಹುದು ಎಂದು ಗೊತ್ತುಮಾಡುತ್ತದೆ. ಗೆಳೆಯರ ಮುಂದೆ ಮಿರ್ಚಿ ಭಜಿಯ ಪೊಟ್ಟಣ ಬಿಚ್ಚಿದರೂ ಅವನದು ಅದೇ ಮಾತು: "ನೋಡ್ರಲೇ, ಕೈ ಮಾತ್ರ ಹಚ್ಚಬ್ಯಾಡ್ರಿ." ಒಂದು ಫೈಲನ್ನಂತೂ ತಾನೂ ತಿದ್ದಲಾಗದಂತೆ, ಓದುವುದಕ್ಕಷ್ಟೇ ಬಿಟ್ಟಿದ್ದಾನೆ. ಮೊನ್ನೆ ಸೊಟ್ಟ ಗೆರೆಗಳನ್ನು ನೆಟ್ಟಗೆ ಮಾಡುವ ಅವನದೇ ಹೊಸ ಪ್ರೋಗ್ರಾಮು ನಕ್ಷೆಗಳನ್ನೆಲ್ಲ ತಿದ್ದುತ್ತಾ ಹೋಗಿ, ಅದೊಂದರ ಮುಂದೆ ಅನುಮತಿ ಇಲ್ಲವೆಂದು ನಿಂತುಬಿಟ್ಟಿತು. ತಿದ್ದಬೇಕಾದ ಫೈಲುಗಳ ಪಟ್ಟಿಯಲ್ಲಿ ಅದೂ ಇರುವುದನ್ನು ಮರೆತಿದ್ದ ನಯಾಜ ಬೆವರು ಒರೆಸಿಕೊಂಡು ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿದ: "ಉಳೀತು ನೋಡ್ರಿ!" ಕಣ್ಣು ಮಂಜಾದ ಮೇಲೆ ಅವನ ತಾಯಿ ಅಮೀನಬಿ ಬಿಡಿಸಿದ ಕೊನೆಯ ದಡಿ ಅದು, ಎಲ್ಲ ಹೂವೂ ತುಸು ಎಡಕ್ಕೆ ವಾಲಿವೆ.