ಪೆಟ್ರೋಲ್ ಫಿಲ್ಟರಿಗೆ ಮಂಗಳಾರತಿ

ಎಂಬತ್ತರ ದಶಕದ ಕೊನೆಯಲ್ಲಿ ಆಂಡರ್ಸನ್‌ಪೇಟೆಯ ನಮ್ಮ ವಠಾರಕ್ಕೆ ಬಂದ ಮೊದಲ ಕಾರು ನನ್ನದು. ಯಾರೋ ಸಾಕಾಗಿ ಮಾರಿದ ಕಾರು. ರಸ್ತೆಯಲ್ಲಿ ಅದು ಓಡಿದ್ದಕ್ಕಿಂತ ಎಲ್ಲಿ ನಿಂತುಬಿಡುತ್ತದೋ ಎಂಬ ಚಿಂತೆಯಲ್ಲಿ ನಾನು ಓಡಿದ್ದೇ ಹೆಚ್ಚು.

ತಂಗಿಯ ಸೀಮಂತಕ್ಕೆ ಕಾಮಸಮುದ್ರಕ್ಕೆ ಹೋಗಬೇಕಿತ್ತು. ಅವಳ ಮದುವೆಗೆ ನಮ್ಮ ಕಡೆಯವರು ಲಾರಿಯಲ್ಲಿ ಬಂದಿಳಿದದ್ದನ್ನು ಬೀಗರು ಆಡಿಕೊಂಡಿದ್ದರು. ಅಮ್ಮ ಅದನ್ನು ಮರೆತಿರಲಿಲ್ಲ. ಈ ಸಲ ಕಾರಲ್ಲೇ ಬರುತ್ತೇವೆಂದು ಮೊದಲೇ ಹೇಳಿಕಳಿಸಿದ್ದಳು.

ಆದರೆ ಹಿಂದಿನ ವಾರವಷ್ಟೇ ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ ಕಾರು ಕೆಮ್ಮಿ ನಿಂತಿತ್ತು. ಪೆಟ್ರೋಲ್ ಫಿಲ್ಟರಿನಲ್ಲಿ ಕಸ ಕಟ್ಟಿರಬೇಕು ಎಂದು ಬಿಡಿಭಾಗದ ಅಂಗಡಿಯವನು ಹೊಸದೊಂದನ್ನು ಕೊಟ್ಟ. ಮೆಕ್ಯಾನಿಕ್ ಸಮಯಕ್ಕೆ ಗಾಡಿ ಬಿಡುತ್ತಾನೋ ಇಲ್ಲವೋ ಎಂಬ ಭಯಕ್ಕೆ ಹೊರಡುವ ದಿನ ಬೆಳಿಗ್ಗೆ ನಾನೇ ಬಾನೆಟ್ ಎತ್ತಿದೆ. ಹಳೆಯದನ್ನು ಕಿತ್ತು, ಅಂಗಿಗೆ ಚೆಲ್ಲಿದ ಪೆಟ್ರೋಲನ್ನು ಒರೆಸಿಕೊಂಡು, ಹೊಸದನ್ನು ರಬ್ಬರ್ ಪೈಪುಗಳ ನಡುವೆ ಸಿಕ್ಕಿಸಿ ಕ್ಲಿಪ್ ಬಿಗಿದೆ. ಒಂದು ಪೈಪಿನ ತುದಿ ಬಿರುಕು ಬಿಟ್ಟಂತೆ ಕಂಡಿತು. ಹುಟ್ಟಿದಾಗಿನಿಂದ ಎಲ್ಲಕ್ಕೂ ಹೆದರುತ್ತ ಬಂದವನು ಅದೊಂದಕ್ಕೆ ಮಾತ್ರ ಹೆದರಲಿಲ್ಲ.

ಸ್ಟಾರ್ಟ್ ಮಾಡಿ ನೋಡೋಣವೆಂದರೆ ಅಮ್ಮ ಬಿಡಲಿಲ್ಲ. "ಒಸ ಸಾಮಾನು ಆಕಿದ್ದೀಯ. ರಾವುಕಾಲ ಕಳೀಲಿ, ಪೂಜೆ ಆಗೋಗಂಟ ಮುಟ್ಬೇಡ."

ರಾಹುಕಾಲ ಕಳೆಯುವಷ್ಟರಲ್ಲಿ ವಠಾರವೆಲ್ಲ ಸೇರಿತ್ತು. ಕುಂಕುಮ ಹೊಸ ಫಿಲ್ಟರಿಗೇ ಬೀಳಬೇಕೆಂದು ಅಮ್ಮ ಬಾನೆಟ್ ಮುಚ್ಚಗೊಡಲಿಲ್ಲ. ಕುಂಕುಮ ಬಿದ್ದದ್ದೇ ತಡ, ನಾನು ಇಂಜಿನ್ ಚಾಲೂ ಮಾಡಿ ಇಳಿದು, "ಇದಕ್ಕೆಲ್ಲ ಮೆಕ್ಯಾನಿಕ್ ಯಾಕೆ?" ಎಂದು ಪಕ್ಕದ ಮನೆಯ ತಮಿಳು ಅಜ್ಜಿಯ ಮುಂದೆ ಜಂಬ ಕೊಚ್ಚುತ್ತಿದ್ದೆ. ಅಮ್ಮ ಉರಿಯುವ ಕರ್ಪೂರದ ತಟ್ಟೆ ಹಿಡಿದು ಬಾನೆಟ್ಟಿನತ್ತ ಬಂದಳು. ಆಗ ಕಂಡಿತು: ಆ ಬಿರುಕಿನಿಂದ ಪೆಟ್ರೋಲ್ ಸಣ್ಣಗೆ ಚಿಮ್ಮುತ್ತಿತ್ತು.

ಕೂಗಬೇಕಿತ್ತು. ಈಗತಾನೇ ಕೊಚ್ಚಿಕೊಂಡ ಬಾಯಲ್ಲಿ ಸೋರುತ್ತಿದೆ ಎಂದು ಹೇಗೆ ಹೇಳಲಿ? ಅಮ್ಮ ಬಾಗುವುದರಲ್ಲಿದ್ದಳು. ಅಡ್ಡ ನುಗ್ಗಿ ಆರತಿಯನ್ನು ಉಫ್ ಎಂದು ಊದಿ ಆರಿಸಿದೆ. ಓಡಿಹೋಗಿ ಇಂಜಿನ್ ನಿಲ್ಲಿಸಿದೆ.

"ಅಯ್ಯೋ ಕಡವುಳೇ, ಊದಿಟ್ಟಾನೇ!" ಅಜ್ಜಿ ಕೆನ್ನೆ ಬಡಿದುಕೊಂಡಳು.

"ಬಸುರಿ ಮನೆಗೆ ಓಗೋವಾಗ ಆರತಿ ಊದ್ತೀಯಲ್ಲಾ, ಬುದ್ಧಿ ಐತೇನ್ಲಾ?" ಅಮ್ಮ ಆರಿದ ತಟ್ಟೆಯನ್ನು ನನ್ನ ಮುಖಕ್ಕೆ ಹಿಡಿದಳು.

"ಪೆಟ್ರೋಲ್ ಸೋರ್ತೈತಮ್ಮ," ಎಂದು ಗೊಣಗಿದೆ.

"ಬಾಯ್ಬಿಟ್ಟು ಏಳ್ಲಾ!"

ಬಾಯಿಬಿಟ್ಟು ಹೇಳಿದೆ. ವಠಾರಕ್ಕೆಲ್ಲ ಕೇಳಿಸಿತು.

ಮಡಿಲಕ್ಕಿ, ಬಳೆ, ಹೂವಿನ ತಟ್ಟೆಗಳನ್ನು ಹೊತ್ತುಕೊಂಡು ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬೀಗರ ಮನೆಯ ಬಾಗಿಲಲ್ಲಿ ತಂಗಿಯ ಮಾವ ನಮ್ಮ ಹಿಂದಿನ ರಸ್ತೆಯತ್ತ ಕತ್ತು ಚಾಚಿದರು.

"ಕಾರೆಲ್ಲಮ್ಮಾ?"

ಅಮ್ಮ ಕೂಡಲೇ ಹೇಳಿದಳು: "ನಂಗೆ ಪೆಟ್ರೋಲ್ ವಾಸ್ನೆ ಆಗಲ್ಲಣ್ಣ, ವಾಂತಿ ಬತ್ತೈತೆ. ನಾನೇ ಕಾರು ಬ್ಯಾಡ ಅಂದೆ."

ಅವರು ನನ್ನ ಅಂಗಿಯ ಹತ್ತಿರ ಮೂಗು ತಂದರು. "ಅಂಗಾದ್ರೆ ಬಸ್ಸಲ್ಲಿ ಇವ್ನ ಪಕ್ಕ ಎಂಗಮ್ಮ ಕೂತ್ಕೊಂಡ್ ಬಂದೆ?"

ಜಗಲಿಯೆಲ್ಲ ನಕ್ಕಿತು. ಅಮ್ಮನೂ ನಕ್ಕಳು, ನನ್ನ ಕಡೆ ನೋಡದೆ. ಬಳೆಯ ತಟ್ಟೆ ಒಳಗಿಡುವ ನೆಪದಲ್ಲಿ ತಂಗಿ ಕೂತಿದ್ದ ಕೋಣೆಗೆ ನುಗ್ಗಿದೆ. ಅವಳು ಖುಷಿಯಿಂದ ಎದ್ದವಳು, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ತಟ್ಟೆ ಅಲ್ಲೇ ಇಟ್ಟು ಆಚೆ ಓಗಣ್ಣಾ, ವಾಕರಿಕೆ ಬತ್ತೈತೆ."