ಟೀ ಅಂಗಡಿಯ ಕುಗ್ಗಿದ ಅಕ್ಷರ

ಮಕ್ಕಳೇ, ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಯೂನಿವರ್ಸಿಟಿಯಲ್ಲಿ ಅಕ್ಷರ ವಿನ್ಯಾಸ ಓದುವ ನಿಮ್ಮ ರಮ್ಯಕ್ಕ, ನಾಳೆ ಮೇಷ್ಟ್ರಿಗೆ ಅಕ್ಷರಗಳ ಅಳತೆ ಒಪ್ಪಿಸಬೇಕೆಂದು ಟೀ ಅಂಗಡಿಯ ಬೋರ್ಡಿಗೆ ಟೇಪು ಹಿಡಿದಳು.

ಅಂಗಡಿಯವನು ಓಡಿಬಂದು ಟೇಪು ಕಿತ್ತುಕೊಂಡ. “ಓದ್ಸಲ ರೋಡ್ ಅಗಲ ಮಾಡ್ವಾಗ್ಲೇ ಮೂರಡಿ ಬುಟ್ಕೊಟ್ಟಿವ್ನಿ. ಇನ್ನೂ ಅಳೀತೀಯೇನವ್ವ?”

ನನಗೋ ಹೊಸಬರ ಜೊತೆ ಮಾತಾಡಲು ನಾಚಿಕೆ. ಆದರೂ ಸೆರಗು ಸರಿಮಾಡಿಕೊಂಡು ಎದ್ದೆ. “ರೋಡ್ನೋರಲ್ಲ ಕಣಪ್ಪ, ನನ್ ಮೊಮ್ಮಗಳು. ಕಮ್ಮಿ ಜಾಗಕ್ಕೆ ಅಕ್ಸರ ಕುಗ್ಗಿಸಿ ಬರಿಯೋದ ಕಲೀತಾವ್ಳೆ. ನಿನ್ ಬೋರ್ಡು ಅಂಗೇ ಅದೆಯಲ್ಲ, ಅದ್ಕೇ ಅಳೀತಾವ್ಳೆ.”

“ಎಷ್ಟು ವರ್ಸದ ಓದು?”

“ಎರಡು ವರ್ಸ.”

ಅವನು ರಮ್ಯಳ ಕಡೆ ನೋಡಿ ನಕ್ಕು, ಟೇಪಿನ ಒಂದು ತುದಿಯನ್ನು ತಾನೇ ಬೋರ್ಡಿಗೆ ಒತ್ತಿ ಹಿಡಿದ. “ಅಂಗಡಿ ಜೊತೆ ಬೋರ್ಡೂ ಕುಯ್ಸಿ, ರೋಡ್ನೋರು ನಂಗೆ ಅದ್ನ ಒಂದೇ ದಿನಕ್ಕೆ ಕಲಿಸ್ಬುಟ್ರು ಕಣಮ್ಮಿ!”