ಆರುನೂರು ಹಂಚಿನ ದಾರಿ

ಹಳ್ಳದ ದಂಡೆಯಿಂದ ನನ್ನ ಅಂಗಳಕ್ಕೆ ಬರುವ ಗಾಡಿದಾರಿ ನನಗೆ ಬಿದ್ದದ್ದು ಆರುನೂರು ಹಂಚಿಗೆ. ಯಾಕೆಂದರೆ ರಾಜ್ಯಪಾಲರು ಒಂದು ಕಾಗದಕ್ಕೆ ಸಹಿ ಹಾಕಲಿಲ್ಲ. ಹಾಕಿದ್ದರೆ ಇನ್ನೂ ಹೆಚ್ಚು ಬೀಳುತ್ತಿತ್ತು.

ಹುಟ್ಟಿದ್ದು ಭಟ್ಕಳದಲ್ಲಿ, ಹೊರೆ ಹೊತ್ತು ವ್ಯಾಪಾರ ಕಲಿತದ್ದು ಹೊನ್ನಾವರದ ಬಂದರಿನಲ್ಲಿ. ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಕುಮಟೆಯಲ್ಲಿ ಸ್ವಂತ ಹಂಚಿನ ಅಂಗಡಿ ಇಟ್ಟಿದ್ದೆ. ಮಂಗಳೂರಿನಿಂದ ಮಚವೆ ದೋಣಿಯಲ್ಲಿ ಮಾಲು ಬಂದು ಹಳ್ಳದ ದಂಡೆಯಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಅಂಗಳದವರೆಗಿನ ದಾರಿ ನೆರೆಮನೆಯ ತೆಂಗಿನಕಾಯಿ ವ್ಯಾಪಾರಿಯ ಜಾಗದಲ್ಲಿತ್ತು. ಒಂದು ಬೇಸಿಗೆ ಅವನು ದಾರಿಗೆ ಅಡ್ಡ ಮುಳ್ಳುಬೇಲಿ ಹಾಕಿಬಿಟ್ಟ. ಹಂಚು ಮಾರುವವನಿಗೆ ಮಳೆಗೆ ಮುಂಚಿನ ಎರಡು ತಿಂಗಳೇ ಇಡೀ ವರ್ಷ. ದಾರಿ ಹೋದರೆ ಅಂಗಡಿ ಹೋದ ಹಾಗೆ.

ವಕೀಲರ ಬಳಿ ಓಡಿದೆ. ಅವರು ನನ್ನ ಜಾಗದ ಖರೀದಿ ಪತ್ರ ಓದಿ ಕನ್ನಡಕ ತೆಗೆದರು.

"ಎಂತದೋ ಇದು? ಇಷ್ಟು ಕೊಟ್ಟು ತಕಂಡ್ಯಾ?"

ಕೊಟ್ಟಿರಲಿಲ್ಲ. ಊರಲ್ಲೆಲ್ಲ ಪತ್ರದಲ್ಲಿ ಕಡಿಮೆ ಬರೆಸುತ್ತಾರೆ. ನಾನು ಹೆಚ್ಚು ಬರೆಸಿದ್ದೆ. ದೊಡ್ಡ ಆಸ್ತಿವಂತನೆಂದು ಕಂಡರೆ ಮಂಗಳೂರಿನವರು ನಂಬಿ ಮಾಲು ಕಳಿಸುತ್ತಾರೆಂಬ ಉಪಾಯ ಅದು. ಅವರು ಕಳಿಸಿದ್ದೂ ಹೌದು. ಆದರೆ ಅಷ್ಟು ಬೆಲೆಯ ದಾವೆ ಕುಮಟೆಯ ಮುನ್ಸೀಫ ಕೋರ್ಟಿನ ಮಿತಿ ಮೀರುತ್ತದೆ, ಕಾರವಾರದಲ್ಲೇ ಹಾಕಬೇಕು ಎಂದರು ವಕೀಲರು. ಅಂದರೆ ಪ್ರತಿ ತಾರೀಕಿಗೂ ಅಂಗಡಿ ಮುಚ್ಚಿ, ಹೊಳೆ ದಾಟಿ ಹೋಗಬೇಕು.

"ಸ್ವಲ್ಪ ತಡಿ ಮಾರಾಯ. ಊರ ಕೋರ್ಟುಗಳ ಮಿತಿ ಏರಿಸುವ ಮಸೂದೆ ಪಾಸಾಗಿದೆ. ರಾಜ್ಯಪಾಲರ ಅಂಕಿತ ಒಂದು ಬಿದ್ರೆ ಆತು, ಇಲ್ಲೇ ಹಾಕುವ."

ಕಾದೆ. ಬಂದ ಮಾಲನ್ನು ದೂರದ ಸುತ್ತುದಾರಿಯಲ್ಲಿ ತಲೆಹೊರೆ ಮಾಡಿ ತರಿಸಿದೆ, ಒಡೆದದ್ದೇ ಹೆಚ್ಚು. ದಿನಾ ಬೆಳಿಗ್ಗೆ ಚಹಾದಂಗಡಿಯಲ್ಲಿ ಕೂತು ಪೇಪರಿಗೆ ಬಾಯಿ ಬಿಟ್ಟು ಕಾಯುತ್ತಿದ್ದೆ. ಒಂದು ದಿನ ಸುದ್ದಿ ಬಂತು: ರಾಜ್ಯಪಾಲರು ಅಂಕಿತ ಹಾಕದೆ ಮಸೂದೆಯನ್ನು ಹಿಂದಕ್ಕೆ ಕಳಿಸಿದ್ದಾರೆ.

ಪೇಪರು ಮಡಿಸಿ ತಲೆ ಎತ್ತಿದರೆ ಎದುರು ಬೆಂಚಿನಲ್ಲಿ ನೆರೆಮನೆಯವನೇ ಕೂತಿದ್ದ.

"ಎಂತಾ ಸಾವ್ಕಾರ್ರೆ, ರಾಜ್ಯಪಾಲರಿಗೂ ನಿಮ್ಮ ಹಂಚಿನ ರೇಟು ಹೆಚ್ಚಾಯ್ತಾ?"

ಕೂತವರೆಲ್ಲ ನಕ್ಕರು. ನನಗೆ ಮಾತ್ರ ಆ 'ರೇಟು' ಕಿವಿಗೆ ಬಿತ್ತು.

"ನನ್ನ ರೇಟಿಗೆ ಎಂತ ಆಯ್ತೋ?"

"ಹೋದ ವರ್ಷ ಮನೆ ಮಾಡಿಗೆ ಹಂಚು ಕೇಳೂಕೆ ಬಂದಿದ್ದೆ. ಗೋಡೆಗೆ ಗೋಡೆ ತಾಗಿದವನಿಗೆ, ಘಟ್ಟದ ಮೇಲಿಂದ ಬಂದ ಗಿರಾಕಿಗೆ ಹೇಳಿದ ರೇಟೇ ಹೇಳಿದ್ರಿ. ಎದ್ದು ಬಂದೆ."

ನಮ್ಮ ವ್ಯಾಪಾರದಲ್ಲಿ ಮೊದಲ ರೇಟು ಇರುವುದು ಗಿರಾಕಿಯನ್ನು ಮಾತಿಗೆ ಕೂರಿಸಲಿಕ್ಕೆ. ಆದರೆ ನೆರೆಯವರು ಚೌಕಾಸಿ ಮಾಡುವುದಿಲ್ಲ. ಅವರು ಕೇಳುವ ಮೊದಲೇ ನಾವು ಇಳಿಸಬೇಕು. ಇದು ಊರಿಗೇ ಗೊತ್ತಿದ್ದ ಮಾತು. ವ್ಯಾಪಾರದ ಅಮಲಿನಲ್ಲಿ ನಾನು ಮರೆತಿದ್ದೆ.

ಅಲ್ಲಿಂದಲೇ ಅವನ ಜೊತೆ ಅವನ ಮನೆಗೆ ಹೋದೆ. ಮಾಡಿನ ಮೇಲೆ ಇನ್ನೂ ಹೆಣೆದ ತೆಂಗಿನ ಗರಿಯ ಮಡಲೇ ಇತ್ತು, ಒಂದು ಮೂಲೆ ಕುಸಿದಿತ್ತು. ಅವನ ಹೆಂಡತಿ ಬೆಲ್ಲ, ನೀರು ತಂದಿಟ್ಟಳು. ದಾರಿ ಬಿಟ್ಟುಕೊಟ್ಟರೆ ಐನೂರು ಹಂಚು ಪುಕ್ಕಟೆ ಕೊಡುತ್ತೇನೆ ಎಂದೆ.

"ಐನೂರಕ್ಕೆ ಅಡಿಗೆಮನೆ ನೆನೀತದೆ ಅಣ್ಣಾ," ಎಂದಳು ಅವಳು. "ಅಡಿಗೆಮನೆ ನೆನೆದ್ರೆ ಸೌದೆನೂ ನೆನೀತದೆ, ಬೇಲಿಯ ಮುಳ್ಳೇ ಒಲೆಗೆ ಹಾಕ್ಬೇಕಾತದೆ. ಅದೂ ಹಸಿ."

ಆರುನೂರಕ್ಕೆ ಆತು ಎಂದೆ. ಗಂಡ ಚೌಕಾಸಿ ಮಾಡಲಿಲ್ಲ, ಅವನ ಮಾನ ಉಳಿಯಿತು.

ಎರಡು ದಿನದಲ್ಲಿ ದಾರಿಯ ಹಕ್ಕು ರಿಜಿಸ್ಟರ್ ಆಯಿತು. ಮೊದಲ ಮಳೆ ಬಿದ್ದಾಗ ಅವನ ಜಗಲಿಯಲ್ಲೇ ಕೂತು ಚಹಾ ಕುಡಿದೆ. ಒಂದು ಹನಿಯೂ ಸೋರಲಿಲ್ಲ. ರಾಜ್ಯಪಾಲರು ಸಹಿ ಹಾಕಿದ್ದರೆ ಆ ಹೊತ್ತಿಗೆ ನಾವಿಬ್ಬರೂ ಮುನ್ಸೀಫ ಕೋರ್ಟಿನ ಎರಡು ಕಂಬಕ್ಕೆ ಒರಗಿ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿರುತ್ತಿದ್ದೆವು.

ಹಾಗಾಗಿ ಹೇಳುತ್ತೇನೆ. ಜಾಗ ಕೊಂಡರೆ ಪತ್ರದಲ್ಲಿ ಕೊಟ್ಟಷ್ಟೇ ಬರೆಸಿ, ದಾರಿಯ ಅಗಲವನ್ನೂ ಅಳೆದು ಬರೆಸಿ. ವಕೀಲರ ಮೆಟ್ಟಿಲು ಹತ್ತುವ ಮೊದಲು ಎದುರಿನವನ ಜಗಲಿಯಲ್ಲಿ ಒಂದು ಗಳಿಗೆ ಕೂತು, ತಲೆ ಎತ್ತಿ ಮಾಡು ನೋಡಿ. ಅವನಿಗೆ ಬೇಕಾದದ್ದು ನಿಮ್ಮ ಅಂಗಡಿಯಲ್ಲೇ ಇರಬಹುದು. ಇದ್ದರೆ ಧಾರಾಳವಾಗಿ ಕೊಡಿ. ಆದರೆ ಹಂಚು ಗಾಡಿಯಲ್ಲಿರುವಾಗಲೇ ಸಹಿ ಹಾಕಿಸಿಕೊಳ್ಳಿ. ಮಾಡಿಗೆ ಏರುವವರೆಗೆ ಕಾಯಬೇಡಿ.